ಅಳತೆ ಮತ್ತು ಅಪೇಕ್ಷೆ: ಫಝಿ ತರ್ಕದ ಚರಿತ್ರೆಯೂ ಸ್ಯಾದ್ವಾದವೂ

ಸ್ಯಾದ್ವಾದವು ಆಧುನಿಕ ವಿಜ್ಞಾನಕ್ಕೆ ಶತಮಾನಗಳಷ್ಟು ಮೊದಲೇ ದಾರಿ ತೋರಿತ್ತೆಂಬ ಮಾತು ಜೈನ ಸಭೆ-ಸಮ್ಮೇಳನಗಳಲ್ಲಿ ಕೇಳಿಬರುವುದುಂಟು. ಬಟ್ಟೆ ಒಗೆಯುವ ಯಂತ್ರಗಳ ಜಾಹೀರಾತುಗಳಲ್ಲಿ 'ಫಝಿ ಲಾಜಿಕ್' ಎಂಬ ಹೆಸರು ಕಾಣಿಸಿಕೊಂಡ 1990ರ ದಶಕದಿಂದೀಚೆಗೆ ಈ ಮಾತಿಗೆ ಇನ್ನೊಂದು ಎಳೆ ಸೇರಿಕೊಂಡಿದೆ. ಹೌದು-ಅಲ್ಲ ಎಂಬ ಎರಡೇ ಉತ್ತರಗಳಿಗೆ ಕಟ್ಟುಬೀಳದ ಈ ಹೊಸ ತರ್ಕವು ಸಪ್ತಭಂಗಿಯ ಪುನರವತಾರವೆಂಬುದೇ ಆ ಎಳೆ. ಕೇಳಲು ಹಿತವಾದ ಮಾತಿದು. ಆದರೆ ಹಿತವಾದುದನ್ನೆಲ್ಲ ಪರೀಕ್ಷಿಸದೆ ಸತ್ಯವೆಂದು ಒಪ್ಪುವ ಪರಂಪರೆ ಜೈನರದಲ್ಲ. ಸತ್ಯಾಣುವ್ರತವು ಪರರ ವಿಷಯದಲ್ಲಿ ಆಡುವ ಮಾತಿಗೆ ಹೇಗೋ ಸ್ವಮತದ ಪ್ರಶಂಸೆಗೂ ಹಾಗೆಯೇ ಅನ್ವಯಿಸುತ್ತದೆ. ಆದಕಾರಣ ಫಝಿ ತರ್ಕವು ಎಲ್ಲಿ, ಯಾರಿಂದ, ಯಾವ ಅಗತ್ಯಕ್ಕಾಗಿ ಹುಟ್ಟಿತು, ಅದಕ್ಕೂ ಸ್ಯಾದ್ವಾದಕ್ಕೂ ಇರುವ ನಂಟು ಎಂಥದು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಎರಡು ಬೆಲೆಗಳ ತರ್ಕ

ಪಾಶ್ಚಾತ್ಯ ತರ್ಕಶಾಸ್ತ್ರಕ್ಕೆ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ತಳಹದಿ ಹಾಕಿದವನು ಗ್ರೀಸಿನ ಅರಿಸ್ಟಾಟಲ್. ಒಂದು ಹೇಳಿಕೆ ನಿಜವಾಗಿರಬೇಕು ಇಲ್ಲವೆ ಸುಳ್ಳಾಗಿರಬೇಕು, ಇವೆರಡರ ನಡುವೆ ಮೂರನೆಯ ಸ್ಥಿತಿಯಿಲ್ಲ ಎಂಬ ನಿಯಮವು ಅವನ ಹೆಸರಿನೊಡನೆ ಸೇರಿಕೊಂಡಿದೆ. ಆದರೂ ನಾಳೆ ಸಮುದ್ರದಲ್ಲಿ ಯುದ್ಧ ನಡೆಯುವುದೆಂಬ ಮಾತು ಇಂದೇ ನಿಜವೋ ಸುಳ್ಳೋ ಎಂಬ ಪ್ರಶ್ನೆ ಅವನನ್ನೂ ಕಾಡಿತ್ತು. ಅದೇ ಶತಮಾನದ ಯೂಬುಲೈಡೀಸನ ಹೆಸರಿನಲ್ಲಿ ಮತ್ತೊಂದು ತೊಡಕು ಪ್ರಸಿದ್ಧವಾಗಿದೆ. ಕಾಳಿನ ರಾಶಿಯಿಂದ ಒಂದು ಕಾಳನ್ನು ತೆಗೆದರೆ ರಾಶಿ ರಾಶಿಯಾಗಿಯೇ ಉಳಿಯುತ್ತದೆ. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ಕೊನೆಗೆ ಒಂದೇ ಕಾಳು ಉಳಿಯುತ್ತದೆ. ಅದನ್ನೂ ರಾಶಿಯೆನ್ನಬೇಕೆ? ಅಲ್ಲವೆನ್ನುವುದಾದರೆ ಯಾವ ಕಾಳನ್ನು ತೆಗೆದಾಗ ರಾಶಿಯು ರಾಶಿತನವನ್ನು ಕಳೆದುಕೊಂಡಿತು?

ಈ ತೊಡಕುಗಳನ್ನು ಬದಿಗಿರಿಸಿ ಎರಡು ಬೆಲೆಗಳ ತರ್ಕವು ಮುಂದುವರಿಯಿತು. 1854ರಲ್ಲಿ ಇಂಗ್ಲೆಂಡಿನ ಜಾರ್ಜ್ ಬೂಲ್ ಆ ತರ್ಕವನ್ನು 0 ಮತ್ತು 1 ಎಂಬ ಅಂಕಗಳ ಬೀಜಗಣಿತವನ್ನಾಗಿ ಬೆಳೆಸಿದನು. 1937ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ವಿದ್ಯುತ್ ಸ್ವಿಚ್ಚುಗಳ ಜೋಡಣೆಯನ್ನು ಬೂಲನ ಬೀಜಗಣಿತದಿಂದ ವಿವರಿಸಬಹುದೆಂದು ತೋರಿಸಿದನು. ಸ್ವಿಚ್ಚು ತೆರೆದಿರುತ್ತದೆ ಇಲ್ಲವೆ ಮುಚ್ಚಿರುತ್ತದೆ. ನಡುವಣ ಸ್ಥಿತಿ ಅದಕ್ಕೆ ಬೇಕಿಲ್ಲ. ಗಣಕಯಂತ್ರದ ಇಡೀ ಸೌಧ ಈ ತಳಪಾಯದ ಮೇಲೆ ನಿಂತಿದೆ.

ತರ್ಕಶಾಸ್ತ್ರಜ್ಞರಲ್ಲಿ ಮಾತ್ರ ಅಸಮಾಧಾನ ಉಳಿದೇ ಇತ್ತು. ಪೋಲೆಂಡಿನ ಯಾನ್ ಲುಕಾಸೀವಿಚ್ 1920ರಲ್ಲಿ ನಿಜ ಮತ್ತು ಸುಳ್ಳುಗಳ ನಡುವೆ ಮೂರನೆಯ ಬೆಲೆಯೊಂದನ್ನು ಅಂಗೀಕರಿಸುವ ತರ್ಕವನ್ನು ರೂಪಿಸಿದನು. ನಾಳಿನ ವಿಷಯದ ಹೇಳಿಕೆಗಳಿಗೆ ಅದರಲ್ಲಿ ಸ್ಥಾನ ದೊರೆಯಿತು. ಮರುವರ್ಷವೇ ಅಮೆರಿಕದ ಎಮಿಲ್ ಪೋಸ್ಟ್ ಸ್ವತಂತ್ರವಾಗಿ ಬಹುಬೆಲೆಗಳ ತರ್ಕವನ್ನು ಪ್ರಕಟಿಸಿದನು. ರಾಶಿಯ ಸಮಸ್ಯೆಗೆ ಸಂಬಂಧಿಸಿದಂತೆ ಮ್ಯಾಕ್ಸ್ ಬ್ಲ್ಯಾಕ್ 1937ರಲ್ಲಿ ಬರೆದ ಲೇಖನವು ಪದಗಳ ಅಸ್ಪಷ್ಟತೆಯನ್ನು ಅಳೆಯಲು ಸಾಧ್ಯವೆಂದು ವಾದಿಸಿತು. ಕ್ಯಾಸ್ಪಿಯನ್ ಸಮುದ್ರದ ದಡದ ಬಾಕು ನಗರದಲ್ಲಿ 1909ರಲ್ಲಿ ಹುಟ್ಟಿದವನು ಈ ಬ್ಲ್ಯಾಕ್. ಈ ವಿಚಾರವನ್ನು ಯಂತ್ರಗಳವರೆಗೆ ಕೊಂಡೊಯ್ದವನೂ ಅದೇ ನಗರದಲ್ಲಿ ಜನಿಸಿದನೆಂಬುದು ಚರಿತ್ರೆಯ ಒಂದು ಕೌತುಕ.

ಝಾದೆಯ ಗಣ ಮತ್ತು ಮಮದಾನಿಯ ಯಂತ್ರ

ಲುತ್ಫಿ ಝಾದೆ 1921ರಲ್ಲಿ ಬಾಕುವಿನಲ್ಲಿ ಹುಟ್ಟಿ, ತೆಹರಾನಿನಲ್ಲಿ ಬೆಳೆದು, ಅಲ್ಲಿಯೇ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದು, 1944ರಲ್ಲಿ ಅಮೆರಿಕವನ್ನು ಸೇರಿದನು. 1959ರಿಂದ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾದನು. 1965ರಲ್ಲಿ ಅವನು ಪ್ರಕಟಿಸಿದ 'ಫಝಿ ಗಣಗಳು' ಎಂಬ ಅರ್ಥದ ಶೀರ್ಷಿಕೆಯ ಲೇಖನವೇ ಈ ಶಾಸ್ತ್ರದ ಆದಿ. ಸಾಂಪ್ರದಾಯಿಕ ಗಣಿತದಲ್ಲಿ ಒಂದು ವಸ್ತು ಒಂದು ಗಣಕ್ಕೆ ಸೇರಿರುತ್ತದೆ ಇಲ್ಲವೆ ಸೇರಿರುವುದಿಲ್ಲ. ಝಾದೆಯ ಗಣದಲ್ಲಿ ಸದಸ್ಯತ್ವಕ್ಕೆ 0ಯಿಂದ 1ರವರೆಗೆ ಪ್ರಮಾಣವುಂಟು. 'ಎತ್ತರದವರು' ಎಂಬ ಗಣಕ್ಕೆ ಒಬ್ಬನು 0.3ರಷ್ಟು, ಇನ್ನೊಬ್ಬನು 0.9ರಷ್ಟು ಸೇರಬಹುದು. ಎರಡು ಗುಣಗಳು ಕೂಡಿದಾಗ ಅವುಗಳ ಪ್ರಮಾಣಗಳಲ್ಲಿ ಚಿಕ್ಕದನ್ನೂ, 'ಇದು ಅಥವಾ ಅದು' ಎಂದಾಗ ದೊಡ್ಡದನ್ನೂ, 'ಅಲ್ಲ' ಎಂದಾಗ 1ರಿಂದ ಕಳೆದುಳಿದುದನ್ನೂ ಹಿಡಿಯಬೇಕು.

ಈ ವಿಚಾರಕ್ಕೆ ಮೊದಲಿಗೆ ದೊರೆತುದು ಮನ್ನಣೆಗಿಂತ ವಿರೋಧವೇ ಹೆಚ್ಚು. ನಿಯಂತ್ರಣ ಸಿದ್ಧಾಂತದ ದಿಗ್ಗಜನಾದ ರುಡಾಲ್ಫ್ ಕಾಲ್ಮನ್ 1972ರಲ್ಲಿ ಇದನ್ನು ಬಹಿರಂಗವಾಗಿ ಟೀಕಿಸಿದನು. ಬರ್ಕ್ಲಿಯಲ್ಲಿಯೇ ಸಹೋದ್ಯೋಗಿಯಾಗಿದ್ದ ವಿಲಿಯಮ್ ಕಹಾನ್ ಕಟುವಾಗಿ ಖಂಡಿಸಿದನು. ಅನಿಶ್ಚಿತತೆಯನ್ನು ಅಳೆಯಲು ಸಂಭವನೀಯತೆಯ ಗಣಿತವೊಂದೇ ಸಾಕೆಂದು ಸಂಖ್ಯಾಶಾಸ್ತ್ರಜ್ಞ ಡೆನಿಸ್ ಲಿಂಡ್ಲಿ 1980ರ ದಶಕದಲ್ಲಿ ವಾದಿಸಿದನು.

ವಾದವನ್ನು ಪ್ರಯೋಗಕ್ಕೆ ತಿರುಗಿಸಿದವನು ಇಬ್ರಾಹಿಂ ಮಮದಾನಿ. ಟಾಂಜಾನಿಯದಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ನೆಲೆಸಿದವನು ಇವನು. 1970ರ ದಶಕದ ನಡುಭಾಗದಲ್ಲಿ ತನ್ನ ಶಿಷ್ಯ ಅಸಿಲಿಯನ್ ಜೊತೆಗೂಡಿ ಪ್ರಯೋಗಶಾಲೆಯ ಚಿಕ್ಕದೊಂದು ಉಗಿಯಂತ್ರವನ್ನು ಫಝಿ ನಿಯಮಗಳಿಂದ ನಡೆಸಿ ತೋರಿಸಿದನು. ಅನುಭವಸ್ಥ ಚಾಲಕನೊಬ್ಬನು 'ಒತ್ತಡ ಬಹಳ ಇಳಿದಿದ್ದರೆ ಶಾಖವನ್ನು ಬಹಳ ಏರಿಸು, ಸ್ವಲ್ಪ ಇಳಿದಿದ್ದರೆ ಸ್ವಲ್ಪ ಏರಿಸು' ಎಂದು ಹೇಳುವಂಥ ನಿಯಮಗಳೇ ಅಲ್ಲಿ ಯಂತ್ರದ ಬುದ್ಧಿಯಾದವು. ಅಳೆದ ಒತ್ತಡವು 'ಬಹಳ', 'ಸ್ವಲ್ಪ' ಎಂಬ ಗಣಗಳಿಗೆ ಎಷ್ಟೆಷ್ಟು ಸೇರುತ್ತದೆಂದು ಎಣಿಸಿ, ನಿಯಮಗಳೆಲ್ಲವನ್ನೂ ಆಯಾ ಪ್ರಮಾಣದಲ್ಲಿ ಅನ್ವಯಿಸಿ, ಫಲಗಳನ್ನು ಕೂಡಿಸಿ, ಕೊನೆಗೆ ಒಂದು ನಿಶ್ಚಿತ ಸಂಖ್ಯೆಯನ್ನು ಹೊರತೆಗೆಯುವುದೇ ಇದರ ಕಾರ್ಯವಿಧಾನ. ಸ್ವಲ್ಪ ಕಾಲದಲ್ಲಿಯೇ ಡೆನ್ಮಾರ್ಕಿನಲ್ಲಿ ಸಿಮೆಂಟ್ ಸುಡುವ ಗೂಡುಗಳಿಗೆ ಈ ವಿಧಾನವನ್ನು ಅಳವಡಿಸಲಾಯಿತು. 1987ರಲ್ಲಿ ಜಪಾನಿನ ಸೆಂದಾಯ್ ನಗರದ ಸುರಂಗ ರೈಲು ಫಝಿ ನಿಯಂತ್ರಣದಿಂದ ಓಡತೊಡಗಿತು. ನಿಲ್ದಾಣದಲ್ಲಿ ಅದು ಜರ್ಕಿಲ್ಲದೆ ನಿಲ್ಲುತ್ತಿದ್ದ ಬಗೆ ಲೋಕದ ಗಮನವನ್ನು ಸೆಳೆಯಿತು. 1990ರ ಸುಮಾರಿಗೆ ಒಗೆಯುವ ಯಂತ್ರ, ಅನ್ನ ಬೇಯಿಸುವ ಪಾತ್ರೆ, ಕ್ಯಾಮೆರಾಗಳಲ್ಲಿ ಈ ತರ್ಕ ಮನೆಮನೆಗೆ ಬಂದಿತು. ಝಾದೆ 2017ರಲ್ಲಿ ನಿಧನನಾದಾಗ ಅವನ ದೇಹವನ್ನು ಬಾಕುವಿನಲ್ಲಿಯೇ ಸಮಾಧಿ ಮಾಡಲಾಯಿತು.

ಈ ಚರಿತ್ರೆಯಲ್ಲಿ ಎಲ್ಲಿಯೂ ಜೈನಗ್ರಂಥಗಳ ಪ್ರಭಾವ ಕಾಣಬರುವುದಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮೂಲವೊಂದೇ ಎನ್ನಲು ಆಧಾರವಿಲ್ಲ. ಇನ್ನು ಉಳಿಯುವ ಪ್ರಶ್ನೆ, ಎರಡರ ತತ್ತ್ವ ಒಂದೆಯೆ ಎಂಬುದು.

ಸ್ಯಾತ್ ಪದದ ಅರ್ಥ

ಸಪ್ತಭಂಗಿಯನ್ನು ತರ್ಕದ ಗಟ್ಟಿ ನೆಲೆಯಲ್ಲಿ ನಿಲ್ಲಿಸಿದ ಆಚಾರ್ಯರಲ್ಲಿ ಸಮಂತಭದ್ರರು ಅಗ್ರಗಣ್ಯರು. ಅವರ ಆಪ್ತಮೀಮಾಂಸೆಗೆ ಅಕಲಂಕದೇವರು ಅಷ್ಟಶತಿಯನ್ನೂ, ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು. ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರ-ಅಕಲಂಕರನ್ನು ವಾದಿಗಳೆಂದು ಗೌರವದಿಂದ ಸ್ಮರಿಸುತ್ತದೆ. ಸ್ಯಾದಸ್ತಿ, ಸ್ಯಾನ್ನಾಸ್ತಿ, ಸ್ಯಾದಸ್ತಿ-ನಾಸ್ತಿ, ಸ್ಯಾದವಕ್ತವ್ಯ ಎಂಬ ನಾಲ್ಕು ಭಂಗಗಳೂ, ಮೊದಲ ಮೂರಕ್ಕೆ ಅವಕ್ತವ್ಯವನ್ನು ಕೂಡಿಸಿದಾಗ ಬರುವ ಇನ್ನು ಮೂರೂ ಸೇರಿ ಏಳಾಗುತ್ತವೆ.

ಇಲ್ಲಿ 'ಸ್ಯಾತ್' ಎಂಬುದು 'ಇರಬಹುದೇನೋ' ಎಂಬ ಸಂದೇಹವನ್ನು ಸೂಚಿಸುವುದಿಲ್ಲ. 'ಒಂದು ಅಪೇಕ್ಷೆಯಿಂದ' ಎಂಬುದೇ ಅದರ ಶಾಸ್ತ್ರೀಯ ಅರ್ಥ. ಒಂದು ಗಡಿಗೆಯು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಇದೆ. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲ. ಮಣ್ಣಿನ ಗಡಿಗೆ ಮಣ್ಣಿನದಾಗಿ ಇದೆ, ಚಿನ್ನದ್ದಾಗಿ ಇಲ್ಲ. ಎರಡು ಮಾತುಗಳೂ ತಮ್ಮ ತಮ್ಮ ನೆಲೆಯಲ್ಲಿ ಪೂರ್ಣ ನಿಶ್ಚಿತ. ಆದುದರಿಂದಲೇ ಆಚಾರ್ಯರು ಭಂಗಗಳಿಗೆ 'ಏವ' ಎಂಬ ನಿಶ್ಚಯಾರ್ಥಕ ಪದವನ್ನು ಕೂಡಿಸಿದರು. ಮೂರನೆಯ ಭಂಗದಲ್ಲಿ ಅಸ್ತಿ-ನಾಸ್ತಿಗಳನ್ನು ಒಂದಾದ ಮೇಲೊಂದರಂತೆ ಹೇಳಲಾಗುತ್ತದೆ. ನಾಲ್ಕನೆಯದರಲ್ಲಿ ಎರಡನ್ನೂ ಏಕಕಾಲಕ್ಕೆ ಹೇಳಬಲ್ಲ ಒಂದು ಶಬ್ದವಿಲ್ಲದ ಕಾರಣ ವಸ್ತುವನ್ನು ಅವಕ್ತವ್ಯವೆನ್ನಲಾಗುತ್ತದೆ.

ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರಾಚಾರ್ಯರು ಸಪ್ತಭಂಗಿಯ ವಿರುದ್ಧ ಎತ್ತಿದ ಆಕ್ಷೇಪವು ಇಲ್ಲಿ ಸ್ಮರಣೀಯ. ಒಂದೇ ವಸ್ತುವಿನಲ್ಲಿ ವಿರುದ್ಧ ಧರ್ಮಗಳು ಕೂಡಿರಲಾರವು, ಇಂಥ ಜ್ಞಾನವು ಸಂಶಯದಂತೆ ಅಪ್ರಮಾಣವಾಗುತ್ತದೆ ಎಂಬುದು ಅದರ ಸಾರಾಂಶ. ಅಪೇಕ್ಷೆಗಳು ಬೇರೆಯಾದ್ದರಿಂದ ವಿರೋಧವೂ ಇಲ್ಲ, ಸಂಶಯವೂ ಇಲ್ಲ ಎಂಬುದು ಜೈನ ತಾರ್ಕಿಕರ ಉತ್ತರ. ಈಗ 'ಸ್ಯಾತ್ ಎಂದರೆ ಸಂಭವನೀಯತೆ' ಎಂದು ಅಭಿಮಾನದಿಂದ ಸಾರುವವರು, ಆಚಾರ್ಯರು ಶತಮಾನಗಳ ಕಾಲ ನಿರಾಕರಿಸಿದ ಆಕ್ಷೇಪವನ್ನೇ ತಮಗರಿವಿಲ್ಲದೆ ಒಪ್ಪಿದಂತಾಗುತ್ತದೆ. ಹೊಗಳಿಕೆಯ ವೇಷದಲ್ಲಿ ಪೂರ್ವಪಕ್ಷವೇ ಮನೆಯೊಳಗೆ ಬಂದಂತೆ!

ಹೋಲಿಕೆಯನ್ನು ಗಂಭೀರವಾಗಿ ಎತ್ತಿದ ವಿಜ್ಞಾನಿಗಳು ಇದ್ದಾರೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕರಾದ ಪಿ.ಸಿ. ಮಹಲನೋಬಿಸ್ ಅವರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತ ಲೇಖನದಲ್ಲಿ ಸ್ಯಾದ್ವಾದವನ್ನು ಚರ್ಚಿಸಿ, ಅವಕ್ತವ್ಯ ಭಂಗದಲ್ಲಿ ಸಂಭವನೀಯತೆಯ ಕಲ್ಪನೆಗೆ ಹತ್ತಿರವಾದುದನ್ನು ಕಂಡರು. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ತಾವು ಭಾರತಕ್ಕೆ ಬಂದ 1957ರಲ್ಲಿಯೇ 'ಸಾಂಖ್ಯ' ಪತ್ರಿಕೆಯಲ್ಲಿ ಸಪ್ತಭಂಗಿಯನ್ನು ಕುರಿತು ಪ್ರತ್ಯೇಕ ಲೇಖನ ಬರೆದರು. ಇಬ್ಬರೂ ಝಾದೆಗಿಂತ ಮೊದಲಿನವರು. ಇಬ್ಬರ ಬರಹವೂ ಗೌರವಾರ್ಹ. ಆದರೆ ಮಹಲನೋಬಿಸರು ಹೇಳಿದ್ದು ಕೆಲವು ಸ್ವಾರಸ್ಯಕರ ಸಾದೃಶ್ಯಗಳಿವೆಯೆಂದು ಮಾತ್ರ. ಅವರ ಎಚ್ಚರವು ಅವರನ್ನು ಉದಾಹರಿಸುವವರಲ್ಲಿ ಯಾವಾಗಲೂ ಉಳಿದಿಲ್ಲ.

ಒಂದು ಹಂಡೆ ನೀರು

ಮೂರು ಕಲ್ಪನೆಗಳ ಭೇದವನ್ನು ಅರಿಯಲು ಒಂದು ಹಂಡೆ ನೀರು ಸಾಕು. 30 ಡಿಗ್ರಿಯವರೆಗಿನ ನೀರು ಬಿಸಿಯಲ್ಲ, 50 ಡಿಗ್ರಿಯನ್ನು ಮುಟ್ಟಿದ ನೀರು ಪೂರ್ತಿ ಬಿಸಿ, ನಡುವೆ ಪ್ರಮಾಣ ಸಮನಾಗಿ ಏರುತ್ತದೆ ಎಂದು ಇಟ್ಟುಕೊಳ್ಳೋಣ. ಆಗ 44 ಡಿಗ್ರಿಯ ನೀರು 0.7ರಷ್ಟು ಬಿಸಿ. ಇದು ಫಝಿ ತರ್ಕದ ಮಾತು. ನೀರಿನ ಉಷ್ಣತೆ ಗೊತ್ತಿದೆ. 'ಬಿಸಿ' ಎಂಬ ಪದದ ಅಂಚು ಮಾತ್ರ ಮಸುಕು. ಇನ್ನು ಹಂಡೆಯ ಮುಚ್ಚಳ ಮುಚ್ಚಿದೆ, ಒಳಗಿನ ನೀರು ಕುದಿಯುತ್ತಿರುವ ಸಂಭವ 0.7 ಎಂದರೆ ಅದು ಬೇರೆಯೇ ಮಾತು. ಅಲ್ಲಿ ಪದ ಸ್ಪಷ್ಟವಿದೆ, ನೋಡುವವನಿಗೆ ವಿಷಯ ತಿಳಿದಿಲ್ಲ. ಮುಚ್ಚಳ ತೆಗೆದೊಡನೆ ಸಂಭವನೀಯತೆ ಕರಗುತ್ತದೆ; ಫಝಿ ಪ್ರಮಾಣವಾದರೋ ಹಾಗೆಯೇ ಉಳಿಯುತ್ತದೆ.

ಸ್ಯಾದ್ವಾದದ ಮಾತು ಮೂರನೆಯದು. ಅದೇ 44 ಡಿಗ್ರಿಯ ನೀರು ಮಗುವಿನ ಸ್ನಾನದ ಅಪೇಕ್ಷೆಯಿಂದ ಬಿಸಿಯೇ ಸರಿ. ಮುನಿಗಳ ಆಹಾರಕ್ಕಾಗಿ ನೀರನ್ನು ಕಾಯಿಸುತ್ತಿರುವ ಶ್ರಾವಿಕೆಯ ಅಪೇಕ್ಷೆಯಿಂದ ಅದು ಬಿಸಿಯಾಗಿಲ್ಲವೆಂಬುದೂ ಅಷ್ಟೇ ನಿಶ್ಚಿತ. ಇಲ್ಲಿ ಪ್ರಮಾಣದ ಪ್ರಶ್ನೆಯೂ ಇಲ್ಲ, ಅಜ್ಞಾನದ ಪ್ರಶ್ನೆಯೂ ಇಲ್ಲ. ಫಝಿ ತರ್ಕವು 40 ಡಿಗ್ರಿಯ ನೀರನ್ನು ಅರ್ಧ ಬಿಸಿ, ಅರ್ಧ ಬಿಸಿಯಲ್ಲ ಎಂದಾಗ ಅದು 'ಸ್ಯಾದಸ್ತಿ-ನಾಸ್ತಿ'ಯಂತೆ ತೋರುವುದು ನಿಜ. ಆದರೆ ಅಲ್ಲಿ ಒಂದೇ ಅಳತೆಗೋಲಿನ ಮೇಲೆ ಎರಡು ಅರೆಸತ್ಯಗಳಿವೆ. ಇಲ್ಲಿ ಎರಡು ಅಪೇಕ್ಷೆಗಳಿಂದ ಎರಡು ಪೂರ್ಣ ನಿರ್ಣಯಗಳಿವೆ.

ಹಾಗಾದರೆ ಆಧುನಿಕ ತರ್ಕಗಳಲ್ಲಿ ಸ್ಯಾದ್ವಾದಕ್ಕೆ ಬಂಧುಗಳೇ ಇಲ್ಲವೆ? ಇದ್ದಾರೆ, ಆದರೆ ಜಾಹೀರಾತುಗಳು ಮುಟ್ಟದ ಮೂಲೆಯಲ್ಲಿ. ಲುಕಾಸೀವಿಚ್‌ನ ಶಿಷ್ಯನಾದ ಸ್ಟಾನಿಸ್ಲಾವ್ ಯಾಶ್ಕೋವ್ಸ್ಕಿ 1948ರಲ್ಲಿ ಚರ್ಚೆಯ ತರ್ಕವೊಂದನ್ನು ರೂಪಿಸಿದನು. ಒಂದು ಚರ್ಚೆಯಲ್ಲಿ ಹಲವರು ಹಲವು ಮಾತುಗಳನ್ನಾಡುತ್ತಾರೆ. ಪ್ರತಿಯೊಂದು ಮಾತನ್ನೂ 'ಇಂಥವನ ಅಭಿಪ್ರಾಯದಂತೆ' ಎಂಬ ಮುನ್ನುಡಿಯೊಡನೆ ಸ್ವೀಕರಿಸಿದರೆ, ಪರಸ್ಪರ ವಿರುದ್ಧವಾದ ಮಾತುಗಳು ಕೂಡಿದ್ದರೂ ತರ್ಕವು ಕುಸಿಯುವುದಿಲ್ಲ. 1977ರಲ್ಲಿ ಅಮೆರಿಕದ ನೂಯೆಲ್ ಬೆಲ್ನಪ್ ಗಣಕಯಂತ್ರಕ್ಕೆ ನಾಲ್ಕು ಬೆಲೆಗಳ ತರ್ಕ ಬೇಕೆಂದು ವಾದಿಸಿದನು. ಯಂತ್ರಕ್ಕೆ ಹಲವು ಮೂಲಗಳಿಂದ ಮಾಹಿತಿ ಬರುತ್ತದೆ. ಒಂದು ವಿಷಯ ನಿಜವೆಂದು ಯಾರೋ ಹೇಳಿರಬಹುದು, ಸುಳ್ಳೆಂದು ಹೇಳಿರಬಹುದು, ಎರಡನ್ನೂ ಹೇಳಿರಬಹುದು, ಏನನ್ನೂ ಹೇಳದಿರಬಹುದು. ಎರಡು ಬೆಲೆಗಳ ತರ್ಕದಲ್ಲಿ ಒಂದು ವಿರೋಧ ನುಸುಳಿದರೂ ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದಾದ್ದರಿಂದ ಯಂತ್ರವು ನಿರುಪಯುಕ್ತವಾಗುತ್ತದೆ. ಬೆಲ್ನಪ್‌ನ ಯಂತ್ರವಾದರೋ ವಿರೋಧವನ್ನು ಗುರುತಿಸಿಕೊಂಡು ಉಳಿದ ಕೆಲಸವನ್ನು ಮುಂದುವರಿಸುತ್ತದೆ. ಜೊನಾರ್ಡನ್ ಗನೇರಿ 2002ರಲ್ಲಿಯೂ, ಗ್ರಹಾಮ್ ಪ್ರೀಸ್ಟ್ 2008ರಲ್ಲಿಯೂ ಇಂಥ ತರ್ಕಗಳ ಬೆಳಕಿನಲ್ಲಿಯೇ ಸಪ್ತಭಂಗಿಯನ್ನು ಅಧ್ಯಯನ ಮಾಡಿದ್ದಾರೆ. ಅಭಿಪ್ರಾಯವನ್ನು ಅದರ ನೆಲೆಯೊಡನೆ ಸೇರಿಸಿ ಕೇಳುವ ಈ ಕ್ರಮವು ನಯವಾದಕ್ಕೆ ನಿಜವಾಗಿಯೂ ಹತ್ತಿರದ್ದು.

ಗೆರೆ ಎಳೆದವರು ಯಾರು?

ಈ ಭೇದವು ಪಂಡಿತರ ವಾಗ್ವಾದಕ್ಕಷ್ಟೇ ಸೀಮಿತವಾದುದಲ್ಲ. ಒಂದು ಬಸದಿಯ ಟ್ರಸ್ಟು ಬಡ ವಿದ್ಯಾರ್ಥಿಗಳಿಗೆ ನೆರವು ನೀಡಲು ವರ್ಷಕ್ಕೆ 2,00,000 ರೂಪಾಯಿ ಆದಾಯದ ಗೆರೆ ಎಳೆದಿದೆಯೆಂದು ಭಾವಿಸೋಣ. 1,99,000 ರೂಪಾಯಿಯ ಮನೆಗೆ ನೆರವು ದೊರೆಯುತ್ತದೆ, 2,01,000 ರೂಪಾಯಿಯ ಮನೆಗೆ ಇಲ್ಲ. ಇದು ಎರಡು ಬೆಲೆಗಳ ತರ್ಕದ ಕಾಠಿಣ್ಯ. ಫಝಿ ಕ್ರಮದಲ್ಲಿ 1,50,000 ರೂಪಾಯಿಯವರೆಗೆ ಬಡತನದ ಪ್ರಮಾಣ 1 ಎಂದೂ, ಅಲ್ಲಿಂದ ಇಳಿಯುತ್ತ 2,50,000 ರೂಪಾಯಿಗೆ 0 ಆಗುವುದೆಂದೂ ಇಟ್ಟರೆ, ಮೊದಲ ಮನೆಯದು 0.51, ಎರಡನೆಯದು 0.49. ಸ್ಥಿತಿಯಲ್ಲಿ ಅಲ್ಪವೇ ಭೇದವಿರುವವರಿಗೆ ನೆರವಿನಲ್ಲಿಯೂ ಅಲ್ಪವೇ ಭೇದ. ಇದು ನಿಸ್ಸಂದೇಹವಾಗಿ ಹೆಚ್ಚು ನ್ಯಾಯವಾದುದು. ಫಝಿ ತರ್ಕದ ಉಪಕಾರವನ್ನು ಇಷ್ಟರ ಮಟ್ಟಿಗೆ ಕೃತಜ್ಞತೆಯಿಂದ ಒಪ್ಪಬೇಕು.

ಆದರೆ 1,50,000 ಮತ್ತು 2,50,000 ಎಂಬ ಅಂಕಗಳನ್ನು ಆರಿಸಿದವರು ಯಾರು? ಎರಡನೆಯ ಮನೆಯಲ್ಲಿ ವರ್ಷಗಳಿಂದ ಹಾಸಿಗೆ ಹಿಡಿದ ತಂದೆಯಿದ್ದರೆ ಆದಾಯದ ಅಪೇಕ್ಷೆಯಿಂದ 0.49 ಆದುದು ಖರ್ಚಿನ ಅಪೇಕ್ಷೆಯಿಂದ ಏನಾದೀತು? ಸಂಖ್ಯೆಯು ಪ್ರಮಾಣವನ್ನು ಹೇಳುತ್ತದೆ. ಯಾವ ನೆಲೆಯಿಂದ ಅಳೆದದ್ದೆಂಬುದನ್ನು ಹೇಳುವುದಿಲ್ಲ. ಗೆರೆ ಎಳೆದವರ ನಯವು ರೇಖೆಯೊಳಗೆ ಅಡಗಿ ಕುಳಿತು, ಹೊರಗೆ ಗಣಿತದ ನಿಷ್ಪಕ್ಷಪಾತದಂತೆ ಕಾಣುತ್ತದೆ. ಒಂದು ನಯವು ತಾನೇ ಪೂರ್ಣಸತ್ಯವೆಂದು ನಟಿಸಿದಾಗ ಅದು ದುರ್ನಯವಾಗುತ್ತದೆಂದು ಜೈನ ತಾರ್ಕಿಕರು ಎಚ್ಚರಿಸಿದ್ದು ಇಂಥದನ್ನೇ.

ಇಂದಿನ ಕೃತಕ ಬುದ್ಧಿಮತ್ತೆಯಲ್ಲಿ ಫಝಿ ನಿಯಮಗಳಿಗಿಂತ ಅಪಾರ ದತ್ತಾಂಶಗಳಿಂದ ಕಲಿಯುವ ನರಜಾಲಗಳದೇ ಮೇಲುಗೈ. ಮಮದಾನಿಯ ಯಂತ್ರದಲ್ಲಿ ಚಾಲಕನ ಮಾತನ್ನು ಓದಿ ನೋಡಬಹುದಾಗಿತ್ತು. ನರಜಾಲಗಳಲ್ಲಿ ಅದೂ ಸುಲಭವಲ್ಲ. ಸಾಲ ಬೇಡಿದವನಿಗೂ ಉದ್ಯೋಗ ಬೇಡಿದವಳಿಗೂ ಯಂತ್ರವು 0 ಮತ್ತು 1ರ ನಡುವಣ ಒಂದು ಅಂಕವನ್ನು ಕೊಡಬಲ್ಲುದು. ಆ ಅಂಕವನ್ನು ಓದುವ ಕೈಯಲ್ಲಿ ಮನುಷ್ಯರ ಬದುಕಿದೆ. 0.49 ಎಂದು ಕಂಡೊಡನೆ ಬಾಗಿಲು ಮುಚ್ಚುವುದು ಯಂತ್ರದ ತಪ್ಪಲ್ಲ. ಅಪೇಕ್ಷೆಯನ್ನು ಕೇಳದೆ ಅಂಕವನ್ನು ಒಪ್ಪಿದವರ ಏಕಾಂತದೃಷ್ಟಿಯದು. ಪರರ ನೆಲೆಯನ್ನು ಕೇಳದೆ ತೀರ್ಪು ಕೊಡುವುದೂ ಒಂದು ಬಗೆಯ ಹಿಂಸೆಯೇ.

ಸ್ಯಾದ್ವಾದವು ಫಝಿ ತರ್ಕವನ್ನು ಮುಂಚಿತವಾಗಿ ಕಂಡುಹಿಡಿದಿತ್ತೆಂದು ಹೇಳಿಕೊಳ್ಳುವ ಅಗತ್ಯ ಜೈನರಿಗಿಲ್ಲ. ಝಾದೆಗೆ ಸಲ್ಲಬೇಕಾದ ಗೌರವ ಝಾದೆಗೆ ಸಲ್ಲಲಿ; ಅದನ್ನು ತಮ್ಮದೆಂದುಕೊಳ್ಳುವುದು ಸತ್ಯವ್ರತಕ್ಕೂ ಅಚೌರ್ಯವ್ರತಕ್ಕೂ ಒಪ್ಪುವಂಥದಲ್ಲ. ಫಝಿ ತರ್ಕವು 'ಎಷ್ಟು' ಎಂದು ಕೇಳಲು ಯಂತ್ರಗಳಿಗೆ ಕಲಿಸಿತು. 'ಯಾವ ಅಪೇಕ್ಷೆಯಿಂದ' ಎಂದು ಕೇಳಲು ಆಚಾರ್ಯರು ಮನುಷ್ಯರಿಗೆ ಕಲಿಸಿದರು. ಅರ್ಜಿಗಳನ್ನು ಅಂಕಗಳಾಗಿ ಎಣಿಸುವ ಪ್ರತಿಯೊಂದು ಕಚೇರಿಯಲ್ಲಿಯೂ, ಮೊದಲಾಗಿ ಜೈನ ಟ್ರಸ್ಟುಗಳ ಕಚೇರಿಗಳಲ್ಲಿ, ಎರಡನೆಯ ಪ್ರಶ್ನೆಯನ್ನು ಕೇಳುವವರೊಬ್ಬರು ಇದ್ದರೆ ಸಮಂತಭದ್ರ-ಅಕಲಂಕರ ಪರಿಶ್ರಮ ಸಾರ್ಥಕವಾಗುತ್ತದೆ.